ಸೀಸೆಯ ಮೇಲಿನ ಚೀಟಿ ಸತ್ಯ ಹೇಳಬೇಕು

(ತೋಟದ ಕಾರ್ಮಿಕ ಕುಟುಂಬಗಳ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ಹೊತ್ತು ನಾವು ಎತ್ತಿಕೊಂಡಿರುವುದು ಕೂಟಗಳಲ್ಲಿ ಸಾಮಾನ್ಯವಾಗಿ ಯಾರೂ ಎತ್ತದ ವಿಷಯ. ಹೆಂಗಸರ ಕಾಯಿಲೆಗೆಂದು ಸೀಸೆಯಲ್ಲಿ ತುಂಬಿ ಮಾರುವ ಔಷಧ, ಆ ಸೀಸೆಯ ಮೇಲೆ ಅಂಟಿಸಿದ ಸುಳ್ಳು, ಆ ಸುಳ್ಳನ್ನು ತಡೆಯಲು ಸರಕಾರಗಳು ಮಾಡಿದ ಕಾಯಿದೆ, ಇವಿಷ್ಟೇ ಇಂದಿನ ಮಾತು. ಗಂಡಸರು ಎದ್ದು ಹೊರಗೆ ಹೋಗಬೇಕಾಗಿಲ್ಲ. ಹೆಂಗಸರು ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳಬೇಕಾಗಿಲ್ಲ. ಮುಟ್ಟು, ಬಸಿರು, ಹೆರಿಗೆ ಇವೆಲ್ಲ ದೇವರು ಮಾಡಿದ ದೇಹದ ಕೆಲಸಗಳು. ದೇವರು ಉಂಟುಮಾಡಿದ್ದನ್ನು ಹೆಸರಿಟ್ಟು ಹೇಳಲು ನಾಚಿಕೆ ಏಕೆ?

ಮಾರ್ಕನು ಬರೆದ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ ರಕ್ತಕುಸುಮ ರೋಗದ ಹೆಂಗಸಿನ ಸಂಗತಿ ಇದೆ. ನಮಗೆಲ್ಲರಿಗೂ ಅದು ಬಾಯಿಪಾಠ. ಹನ್ನೆರಡು ವರುಷ ಆಕೆ ನರಳಿದಳು. ಅನೇಕ ವೈದ್ಯರ ಬಾಗಿಲಿಗೆ ಹೋದಳು, ಅವರ ಕೈಯಲ್ಲಿ ಕಷ್ಟಪಟ್ಟಳು, ಇದ್ದ ಹಣವನ್ನೆಲ್ಲ ಕಳೆದುಕೊಂಡಳು. ಕಾಯಿಲೆ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಮೋಶೆಯ ನೇಮದ ಪ್ರಕಾರ ಆಕೆ ಅಶುದ್ಧಳು. ಆದದರಿಂದ ಯಾರ ಮುಂದೆಯೂ ಹೇಳಿಕೊಳ್ಳುವಂತಿರಲಿಲ್ಲ. ಜನರ ಗುಂಪಿನಲ್ಲಿ ಹಿಂದಿನಿಂದ ಬಂದು ಉಡುಪನ್ನು ಮುಟ್ಟಿದಳು. ಯೇಸುಸ್ವಾಮಿ ಆಕೆಯನ್ನು ಗುಟ್ಟಾಗಿ ಹಿಂದಿರುಗಲು ಬಿಡಲಿಲ್ಲ. ಯಾರು ಮುಟ್ಟಿದರೆಂದು ನಿಂತು ಕೇಳಿದರು. ಆಕೆ ನಡುಗುತ್ತಾ ಎಲ್ಲರ ಮುಂದೆ ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಆಗ ಅವರು ಆಕೆಯನ್ನು ಮಗಳೆಂದು ಕರೆದರು. ಆಕೆ ಹಣ ಕಳೆದುಕೊಂಡದ್ದನ್ನೂ ಕಡೆಗೆ ಬಾಯಿಬಿಟ್ಟು ಹೇಳಿದ್ದನ್ನೂ ಮನಸ್ಸಿನಲ್ಲಿ ಇಟ್ಟುಕೊಂಡು ಮುಂದಿನ ಮಾತನ್ನು ಕೇಳಬೇಕೆಂದು ಬೇಡುತ್ತೇವೆ.

ನಮ್ಮ ತೋಟಗಳಲ್ಲಿ ನಡೆಯುವುದು ನಮಗೆ ಗೊತ್ತೇ ಇದೆ. ಸಂಬಳವಾದ ಮರುದಿನ ಲೈನು ಮನೆಗಳ ಮುಂದೆ ಒಬ್ಬ ಚೀಲ ಹಿಡಿದು ಬರುತ್ತಾನೆ. ಸಂತೆಯಲ್ಲಿ ಇನ್ನೊಬ್ಬ ಜೀಪಿನ ಮೇಲೆ ಧ್ವನಿವರ್ಧಕ ಕಟ್ಟಿ ಕೂಗುತ್ತಾನೆ. ಮುಟ್ಟಿನ ನೋವಿಗೆ, ಬಿಳಿ ಹೋಗುವುದಕ್ಕೆ, ಸೊಂಟದ ನೋವಿಗೆ, ಮಕ್ಕಳಾಗದಿರುವುದಕ್ಕೆ, ಗರ್ಭಕೋಶದ ಗೆಡ್ಡೆಗೆ, ಎಲ್ಲಕ್ಕೂ ಅವನ ಬಳಿ ಒಂದೇ ಸೀಸೆ. ಈಗ ಮೊಬೈಲ್ ಫೋನಿನಲ್ಲೂ ಅದೇ ಕೂಗು. ಮೂರು ದಿನದ ಕೂಲಿ ಕೊಟ್ಟು ಸೀಸೆ ತಂದು, ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟು, ಗಂಡನಿಗೂ ಅತ್ತೆಗೂ ತಿಳಿಯದಂತೆ ಕುಡಿಯುವವರು ನಮ್ಮಲ್ಲಿ ಇದ್ದಾರೆ. ಅವರನ್ನು ಬೈಯಲು ನಾವು ಇಲ್ಲಿ ನಿಂತಿಲ್ಲ. ಈ ವ್ಯಾಪಾರ ಹೇಗೆ ನಡೆಯುತ್ತದೆ, ಕಾಯಿದೆ ಅದನ್ನು ಎಲ್ಲಿ ಹಿಡಿದಿದೆ, ಎಲ್ಲಿ ಹಿಡಿಯಲಾರದು ಎಂಬುದನ್ನು ತಿಳಿದುಕೊಳ್ಳೋಣ.

ಇದಕ್ಕೆ ನಾವು ಸ್ವಲ್ಪ ದೂರದ ಒಂದು ಕಥೆಯನ್ನು ಹೇಳಬೇಕಾಗುತ್ತದೆ. ಸೀಸೆ ಔಷಧದ ವ್ಯಾಪಾರ ಬಲು ದೊಡ್ಡದಾಗಿ ಬೆಳೆದದ್ದು ಅಮೆರಿಕ ದೇಶದಲ್ಲಿ. ಅಲ್ಲಿ ಸರಕಾರ ಒಂದು ಬಾಗಿಲು ಮುಚ್ಚಿದರೆ ಸುಳ್ಳು ಇನ್ನೊಂದು ಬಾಗಿಲಿನಿಂದ ಹೊರಬಂತು. ಹಾಗೆ ಒಂದೊಂದೇ ಬಾಗಿಲು ಮುಚ್ಚಲು ಐವತ್ತು ವರುಷಕ್ಕೂ ಮಿಗಿಲು ಹಿಡಿಯಿತು. ಆ ಕಥೆ ತಿಳಿದರೆ ನಮ್ಮ ದೇಶದ ಕಾಯಿದೆಯ ಬೆಲೆಯೂ ತಿಳಿಯುತ್ತದೆ.

ಇಂಥ ಔಷಧಗಳಿಗೆ ಅಲ್ಲಿ ಪೇಟೆಂಟ್ ಔಷಧವೆಂದು ಹೆಸರು. ಹೆಸರಿನಲ್ಲೇ ಒಂದು ಮರೆ ಇದೆ. ಸರಕಾರದಿಂದ ಪೇಟೆಂಟ್ ಪಡೆಯಬೇಕಾದರೆ ಒಳಗೆ ಏನೇನು ಹಾಕಿದೆ ಎಂದು ಬಿಚ್ಚಿ ಹೇಳಬೇಕು. ಈ ವ್ಯಾಪಾರಿಗಳಿಗೆ ಅದೇ ಬೇಡವಾಗಿತ್ತು. ಆದದರಿಂದ ಹೆಚ್ಚಿನವರು ಪೇಟೆಂಟ್ ಪಡೆಯಲೇ ಇಲ್ಲ. ಹೆಸರನ್ನೂ ಚಿತ್ರವನ್ನೂ ಮಾತ್ರ ತಮ್ಮದಾಗಿ ಮಾಡಿಕೊಂಡು ಒಳಗಿನದನ್ನು ಗುಟ್ಟಾಗಿಟ್ಟರು.

ಮಸಾಚುಸೆಟ್ಸ್ ಸಂಸ್ಥಾನದಲ್ಲಿ ಲಿನ್ ಎಂಬ ಊರು ಇದೆ. ಜೋಡು ಹೊಲಿಯುವ ಕಾರ್ಖಾನೆಗಳ ಊರು. ಅಲ್ಲಿ ಹೆಂಗಸರೂ ದುಡಿಯುತ್ತಿದ್ದರು. ಆ ಊರಿನಲ್ಲಿ ಲಿಡಿಯಾ ಪಿಂಕಮ್ ಎಂಬ ತಾಯಿ ಇದ್ದರು. 1819ರಲ್ಲಿ ಹುಟ್ಟಿದವರು. ಗುಲಾಮಗಿರಿಯನ್ನು ವಿರೋಧಿಸಿದ ಮನೆತನ. ಮನೆಯ ಒಲೆಯ ಮೇಲೆ ಬೇರು ನಾರು ಕುದಿಸಿ ಕಷಾಯ ಮಾಡಿ, ನೆರೆಯ ಹೆಂಗಸರಿಗೆ ಹಣ ತೆಗೆದುಕೊಳ್ಳದೆ ಕೊಡುತ್ತಿದ್ದರು. 1873ರಲ್ಲಿ ಆ ದೇಶದ ಬ್ಯಾಂಕುಗಳು ಕುಸಿದಾಗ ಅವರ ಗಂಡನ ಜಮೀನಿನ ವ್ಯಾಪಾರ ಮುಳುಗಿತು. ಮನೆ ನಡೆಯಬೇಕಲ್ಲ, 1875ರಲ್ಲಿ ಆ ಕಷಾಯವನ್ನು ಸೀಸೆಗೆ ತುಂಬಿ ಮಾರಲು ಆರಂಭಿಸಿದರು. ಬೆಲೆ ಸೀಸೆಗೆ ಒಂದು ಡಾಲರು. ಕೂಲಿಯ ಹೆಂಗಸಿಗೆ ಅದು ಸಣ್ಣ ಹಣವಲ್ಲ.

ಸೀಸೆಯೊಳಗೆ ನಾಲ್ಕೈದು ಬಗೆಯ ಬೇರುಗಳು, ಮೆಂತ್ಯದ ಕಾಳು, ಜೊತೆಗೆ ನೂರಕ್ಕೆ ಸುಮಾರು 18 ಪಾಲು ಮದ್ಯಸಾರ. ಇದು ಬಿಯರಿನಲ್ಲಿರುವುದಕ್ಕಿಂತ ಮೂರು ಪಟ್ಟಿಗೂ ಹೆಚ್ಚು. ಬೇರಿನ ಸಾರ ಕೆಡದಿರಲು ಮದ್ಯಸಾರ ಬೇಕೆಂದು ಕಂಪೆನಿ ಹೇಳುತ್ತಿತ್ತು. ಸೀಸೆಯ ಮೇಲಿನ ಚೀಟಿಯಲ್ಲಿ ಮಾತ್ರ ಅದರ ಹೆಸರಿರಲಿಲ್ಲ. ಗರ್ಭಕೋಶ ಜಾರುವುದಕ್ಕೂ ಹೆಂಗಸರ ಎಲ್ಲ ನಿಶ್ಶಕ್ತಿಗೂ ಇದು ಖಂಡಿತವಾದ ಮದ್ದು, ಗರ್ಭಕೋಶದ ಗೆಡ್ಡೆಯನ್ನೂ ಕರಗಿಸುತ್ತದೆ ಎಂದು ಸಾರಿದರು. ಮದ್ಯ ಮುಟ್ಟುವುದಿಲ್ಲವೆಂದು ಸಭೆಯಲ್ಲಿ ಆಣೆ ಮಾಡಿದ ಹೆಂಗಸರು, ಗಂಡನ ಕುಡಿತದ ವಿರುದ್ಧ ಕಣ್ಣೀರಿಟ್ಟು ಪ್ರಾರ್ಥಿಸಿದ ಹೆಂಗಸರು, ತಿಳಿಯದೆ ಚಮಚ ಚಮಚವಾಗಿ ಮದ್ಯವನ್ನೇ ಕುಡಿದರು. ಕುಡಿದ ಮೇಲೆ ಒಂದು ಗಳಿಗೆ ನೋವು ಮಂಕಾಗುತ್ತಿತ್ತು. ಅದನ್ನೇ ಗುಣವೆಂದು ನಂಬಿದರು.

ಇಲ್ಲಿ ನ್ಯಾಯವಾಗಿ ಒಂದು ಮಾತು ಹೇಳಬೇಕು. ಆ ಕಾಲದ ವೈದ್ಯರೂ ಹೆಂಗಸರಿಗೆ ಬಹಳ ಒಳ್ಳೆಯದು ಮಾಡುತ್ತಿದ್ದರೆಂದಲ್ಲ. ರಕ್ತ ತೆಗೆಯುವುದು, ಪಾದರಸ ಬೆರೆತ ಮದ್ದು ಕೊಡುವುದು ಇನ್ನೂ ಜನರ ನೆನಪಿನಿಂದ ಮಾಸಿರಲಿಲ್ಲ. ಗಂಡಸಾದ ವೈದ್ಯನ ಮುಂದೆ ಬಾಯಿಬಿಡಲು ಹೆಂಗಸರಿಗೆ ನಾಚಿಕೆ. ಲಿಡಿಯಾ ತಾಯಿಯಾದರೋ ಹೆಂಗಸರ ದೇಹದ ವಿಷಯವನ್ನು ಸರಳವಾಗಿ ಬರೆದು ಹಂಚಿದರು, ಪತ್ರ ಬರೆಯಿರಿ, ಉತ್ತರ ಕೊಡುತ್ತೇವೆ ಎಂದರು. ಕೇಳುವ ಕಿವಿ ಒಂದು ಇದೆಯೆಂದು ಹೆಂಗಸರು ನಂಬಿದರು. ಆ ವ್ಯಾಪಾರ ಅಷ್ಟು ಬೆಳೆದದ್ದಕ್ಕೆ ಆ ಕಿವಿಯೇ ದೊಡ್ಡ ಕಾರಣ.

ಆದರೆ ಆ ಕಿವಿಯೂ ಸುಳ್ಳಾಯಿತು. 1883ರಲ್ಲಿ ಲಿಡಿಯಾ ತೀರಿಕೊಂಡರು. ಜಾಹೀರಾತು ನಿಲ್ಲಲಿಲ್ಲ. ಅವರ ಮುಖದ ಚಿತ್ರವನ್ನು ಹಾಕಿ, ಮಿಸೆಸ್ ಪಿಂಕಮ್ ಅವರಿಗೆ ಬರೆಯಿರಿ, ನಿಮ್ಮ ಪತ್ರವನ್ನು ಯಾವ ಗಂಡಸೂ ನೋಡುವುದಿಲ್ಲ ಎಂದು ಪತ್ರಿಕೆಗಳಲ್ಲಿ ಅಚ್ಚು ಹಾಕುತ್ತಲೇ ಇದ್ದರು. ದೇಶದ ಮೂಲೆಮೂಲೆಯಿಂದ ಹೆಂಗಸರು ಸತ್ತುಹೋದ ತಾಯಿಗೆ ತಮ್ಮ ಗುಟ್ಟಿನ ಕಷ್ಟಗಳನ್ನು ಬರೆದರು. 1905ರಲ್ಲಿ ಎಡ್ವರ್ಡ್ ಬಾಕ್ ಎಂಬ ಸಂಪಾದಕರು ಹೆಂಗಸರ ಒಂದು ದೊಡ್ಡ ಪತ್ರಿಕೆಯಲ್ಲಿ ಲಿನ್ ಊರಿನ ಸ್ಮಶಾನದಲ್ಲಿದ್ದ ಲಿಡಿಯಾ ಪಿಂಕಮ್ ಅವರ ಸಮಾಧಿ ಕಲ್ಲಿನ ಚಿತ್ರವನ್ನು ಅಚ್ಚುಮಾಡಿದರು. ಸತ್ತ ವರುಷ ಕಲ್ಲಿನ ಮೇಲೆ ಕೆತ್ತಿತ್ತು. ಇಪ್ಪತ್ತೆರಡು ವರುಷದ ಸುಳ್ಳಿಗೆ ಆ ಒಂದು ಕಲ್ಲು ಸಾಕ್ಷಿ ಹೇಳಿತು.

ಇತರ ಕಂಪೆನಿಗಳ ಕಥೆ ಇನ್ನೂ ಕೀಳು. ಹೆಂಗಸರು ಬರೆದ ಗುಟ್ಟಿನ ಪತ್ರಗಳನ್ನು ಕಟ್ಟುಕಟ್ಟಾಗಿ ದಲ್ಲಾಳಿಗಳಿಗೆ ಮಾರುತ್ತಿದ್ದರು. ಈ ಹೆಂಗಸಿಗೆ ಈ ಕಾಯಿಲೆ ಇದೆ, ಇವಳಿಗೆ ನಿಮ್ಮ ಮದ್ದನ್ನು ಮಾರಬಹುದು ಎಂದು ಒಬ್ಬ ವ್ಯಾಪಾರಿಯ ಕೈಯಿಂದ ಇನ್ನೊಬ್ಬನ ಕೈಗೆ ಪತ್ರಗಳು ದಾಟುತ್ತಿದ್ದವು. ಪತ್ರಿಕೆಗಳು ಯಾಕೆ ಸುಮ್ಮನಿದ್ದವು? ಜಾಹೀರಾತಿನ ಹಣದಿಂದ. ನಮ್ಮ ವ್ಯಾಪಾರಕ್ಕೆ ವಿರೋಧವಾದ ಕಾಯಿದೆ ಬಂದರೆ ಈ ಕರಾರು ರದ್ದು ಎಂದು ಜಾಹೀರಾತಿನ ಕರಾರಿನಲ್ಲೇ ಬರೆಸಿಕೊಳ್ಳುತ್ತಿದ್ದರು. ಆದದರಿಂದ ಕಾಯಿದೆ ಬಾರದಂತೆ ಕಾಯುವ ಕೆಲಸವನ್ನು ಪತ್ರಿಕೆಗಳೇ ಮಾಡಿದವು.

ಕ್ರೈಸ್ತರಾದ ನಾವು ಇಲ್ಲಿ ನಮ್ಮ ಎದೆಯನ್ನೂ ಮುಟ್ಟಿಕೊಳ್ಳಬೇಕು. ಈ ಜಾಹೀರಾತುಗಳು ಸಭೆಗಳ ಪತ್ರಿಕೆಗಳಲ್ಲೂ ಬಂದವು. ಟೆನೆಸೀ ಸಂಸ್ಥಾನದ ಚಟ್ಟನೂಗಾ ಊರಿನಲ್ಲಿ ವೈನ್ ಆಫ್ ಕಾರ್ಡುಯಿ ಎಂಬ ಹೆಂಗಸರ ಔಷಧ ತಯಾರಾಗುತ್ತಿತ್ತು. ಅದರಲ್ಲಿಯೂ ಮದ್ಯಸಾರ ತುಂಬಿತ್ತು. ಆ ಕಂಪೆನಿಯ ಮುಖ್ಯಸ್ಥರಾದ ಜಾನ್ ಪ್ಯಾಟನ್ ಮೆಥೊಡಿಸ್ಟ್ ಸಭೆಯ ಹೆಸರಾಂತ ನಾಯಕರು. 1914ರಲ್ಲಿ ವೈದ್ಯರ ಸಂಘದ ಪತ್ರಿಕೆ ಈ ಔಷಧ ಮೋಸವೆಂದು ಬರೆಯಿತು. ಕಂಪೆನಿ ಮಾನನಷ್ಟದ ದಾವೆ ಹೂಡಿತು. 1916ರಲ್ಲಿ ಶಿಕಾಗೋ ನಗರದಲ್ಲಿ ತಿಂಗಳುಗಟ್ಟಲೆ ವಿಚಾರಣೆ ನಡೆಯಿತು. ವಿಚಾರಣೆ ನಡೆಯುತ್ತಿರುವಾಗಲೇ ಪ್ಯಾಟನ್ ತೀರಿಕೊಂಡರು. ಕಡೆಗೆ ಪಂಚರು ಕಂಪೆನಿಗೆ ಕೊಡಿಸಿದ ಪರಿಹಾರ ಒಂದೇ ಒಂದು ಸೆಂಟು. ದಾವೆ ಗೆದ್ದಿತು, ಮಾನ ಒಂದು ಕಾಸಿನಷ್ಟಾಯಿತು. ಭಾನುವಾರ ಸಭೆಯ ಮುಂದಿನ ಬೆಂಚಿನಲ್ಲಿ ಕೂತು, ಸೋಮವಾರ ಸೀಸೆಯ ಮೇಲೆ ಸುಳ್ಳು ಅಂಟಿಸಿದರೆ ದೇವರು ಯಾವುದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ? ಕಳ್ಳತಕ್ಕಡಿ ದೇವರಿಗೆ ಅಸಹ್ಯವೆಂದು ಜ್ಞಾನೋಕ್ತಿಗಳಲ್ಲಿ ಕಲಿತಿದ್ದೇವೆ. ಸುಳ್ಳು ಚೀಟಿಯೂ ಒಂದು ಕಳ್ಳತಕ್ಕಡಿಯೇ.

ಹಾಗೆಯೇ, ತಪ್ಪು ಹೊರಿಸುವವರೂ ತೂಕ ತಪ್ಪಬಾರದು. ಮೊದಲು ಹೇಳಿದ ಬಾಕ್ ಅವರು 1904ರಲ್ಲಿ ಇನ್ನೊಬ್ಬ ವೈದ್ಯರ ಹೆಂಗಸರ ಔಷಧದಲ್ಲಿ ಮದ್ಯಸಾರವೂ ಅಫೀಮೂ ಇದೆಯೆಂದು ಸರಿಯಾಗಿ ಪರೀಕ್ಷಿಸದೆ ಅಚ್ಚು ಹಾಕಿದ್ದರು. ಆಮೇಲೆ ಪರೀಕ್ಷೆ ಮಾಡಿಸಿದಾಗ ಅದು ನಿಜವಾಗಲಿಲ್ಲ. ಕೋರ್ಟಿನಲ್ಲಿ ಪತ್ರಿಕೆ 16,000 ಡಾಲರು ತೆರಬೇಕಾಯಿತು. ಸತ್ಯದ ಪರವಾಗಿ ಹೋರಾಡುವವನು ಮೊದಲು ತನ್ನ ಮಾತನ್ನು ಪರೀಕ್ಷೆ ಮಾಡಬೇಕು.

ಇನ್ನು ಸರಕಾರದ ಕೆಲಸಕ್ಕೆ ಬರೋಣ. 1905ರಲ್ಲಿ ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಆಡಮ್ಸ್ ಎಂಬ ಪತ್ರಕರ್ತರು ಈ ವ್ಯಾಪಾರದ ಮೋಸವನ್ನು ಕಾಲಿಯರ್ಸ್ ಎಂಬ ವಾರಪತ್ರಿಕೆಯಲ್ಲಿ ಸಾಲಾಗಿ ಬರೆದರು. ಸರಕಾರದ ರಸಾಯನ ಇಲಾಖೆಯ ಮುಖ್ಯಸ್ಥರಾದ ಹಾರ್ವಿ ವೈಲಿ ವರುಷಗಟ್ಟಲೆ ಕಾಯಿದೆಗಾಗಿ ದುಡಿದರು. ಮಹಿಳಾ ಸಂಘಗಳು ಊರೂರಿನಲ್ಲಿ ಒತ್ತಾಯ ಮಾಡಿದವು. ಕಡೆಗೆ 1906ರ ಜೂನ್ 30ರಂದು ಶುದ್ಧ ಆಹಾರ ಮತ್ತು ಔಷಧ ಕಾಯಿದೆಗೆ ಅಧ್ಯಕ್ಷ ಥಿಯೋಡರ್ ರೂಸ್ವೆಲ್ಟ್ ಸಹಿ ಹಾಕಿದರು. 1907ರ ಜನವರಿ 1ರಿಂದ ಅದು ಜಾರಿಗೆ ಬಂತು. ಮದ್ಯಸಾರ, ಅಫೀಮು, ಮಾರ್ಫಿನ್, ಕೊಕೇನ್ ಮುಂತಾದವು ಔಷಧದಲ್ಲಿದ್ದರೆ ಅದು ಎಷ್ಟು ಎಂದು ಚೀಟಿಯ ಮೇಲೆ ಬರೆಯಲೇಬೇಕಾಯಿತು. ಪಿಂಕಮ್ ಸೀಸೆಯ ಮೇಲೆಯೂ ಮದ್ಯಸಾರ ನೂರಕ್ಕೆ 18 ಎಂದು ಬಂತು. ಮಾರುವುದನ್ನು ಕಾಯಿದೆ ನಿಲ್ಲಿಸಲಿಲ್ಲ, ಒಳಗಿರುವುದನ್ನು ಹೇಳು ಎಂದಿತು. ಅಕ್ಷರ ಬಲ್ಲ ಹೆಂಗಸಿಗೆ ತಾನು ಏನನ್ನು ಕುಡಿಯುತ್ತಿದ್ದೇನೆ ಎಂಬುದು ಮೊದಲ ಬಾರಿಗೆ ತಿಳಿಯಿತು.

ಆದರೆ ಇನ್ನೊಂದು ಬಾಗಿಲು ತೆರೆದೇ ಇತ್ತು. 1911ರಲ್ಲಿ ಕ್ಯಾನ್ಸರ್ ಗುಣಮಾಡುತ್ತೇನೆಂದು ಸುಳ್ಳು ಚೀಟಿ ಅಂಟಿಸಿದ ಒಬ್ಬ ವ್ಯಾಪಾರಿಯ ಮೊಕದ್ದಮೆ ಆ ದೇಶದ ಸುಪ್ರೀಂ ಕೋರ್ಟಿಗೆ ಬಂತು. ಕಾಯಿದೆ ತಡೆಯುವುದು ಔಷಧದಲ್ಲಿ ಏನಿದೆ ಎಂಬ ವಿಷಯದ ಸುಳ್ಳನ್ನು ಮಾತ್ರ. ಅದು ಯಾವ ರೋಗವನ್ನು ಗುಣಮಾಡುತ್ತದೆ ಎಂಬ ಸುಳ್ಳನ್ನು ಈ ಕಾಯಿದೆ ಮುಟ್ಟುವುದಿಲ್ಲ ಎಂದು ಹೆಚ್ಚಿನ ನ್ಯಾಯಾಧೀಶರು ತೀರ್ಪು ಕೊಟ್ಟರು. ಅಂದರೆ ಸೀಸೆಯಲ್ಲಿರುವ ಬೇರಿನ ಹೆಸರು ಸರಿಯಾಗಿದ್ದರೆ ಸಾಕು, ಗೆಡ್ಡೆ ಕರಗುತ್ತದೆ ಎಂದು ಬರೆದರೂ ಶಿಕ್ಷೆ ಇಲ್ಲ. ಮರುವರುಷ, 1912ರಲ್ಲಿ, ಶರ್ಲಿ ತಿದ್ದುಪಡಿ ಬಂತು. ಗುಣದ ವಿಷಯದಲ್ಲಿ ಸುಳ್ಳು ಬರೆದರೂ ಅಪರಾಧವಾಯಿತು. ಆದರೆ ಸುಳ್ಳೆಂದು ತೋರಿಸಿದರೆ ಸಾಲದು, ವ್ಯಾಪಾರಿ ಮೋಸಮಾಡುವ ಮನಸ್ಸಿನಿಂದಲೇ ಬರೆದನೆಂದು ಸರಕಾರ ರುಜುವಾತು ಮಾಡಬೇಕಿತ್ತು. ನಾನು ನಂಬಿ ಬರೆದೆ ಎಂದವನ ಎದೆಯನ್ನು ಸೀಳಿ ನೋಡುವುದು ಹೇಗೆ?

ಈ ಕಾಯಿದೆ ನಡೆಯುವ ರೀತಿ ನಮಗೆ ವಿಚಿತ್ರವಾಗಿ ತೋರಬಹುದು. ಅಲ್ಲಿ ಅನೇಕ ದಾವೆಗಳು ಮನುಷ್ಯರ ಮೇಲೆ ಅಲ್ಲ, ಸೀಸೆಗಳ ಮೇಲೆಯೇ ನಡೆದವು. ಅಧಿಕಾರಿಗಳು ರೈಲಿನಲ್ಲಿ ಬಂದ ಪೆಟ್ಟಿಗೆಗಳನ್ನು ಹಿಡಿದು ಕೋರ್ಟಿಗೆ ಅರ್ಜಿ ಹಾಕುತ್ತಿದ್ದರು. ದಾವೆಯ ಹೆಸರೇ ಸರಕಾರ ವಿರುದ್ಧ ಇಷ್ಟು ಡಜನ್ ಸೀಸೆಗಳು ಎಂದಿರುತ್ತಿತ್ತು. ಇವು ನಮ್ಮ ಸೀಸೆಗಳು ಎಂದು ಯಾರೂ ಮುಂದೆ ಬಾರದಿದ್ದರೆ ಕೋರ್ಟಿನ ಹುಕುಮಿನಂತೆ ಅವನ್ನು ನಾಶಮಾಡುತ್ತಿದ್ದರು. ಮುಟ್ಟು ನಿಂತರೆ ಬರಿಸುತ್ತದೆ ಎಂದು ಹೇಳಿ ಮಾರುತ್ತಿದ್ದ ಹೆಂಗಸರ ಗುಳಿಗೆಗಳನ್ನೂ ಈ ದಾರಿಯಲ್ಲಿ ಹಿಡಿದು ನಾಶಮಾಡಿದ್ದಾರೆ.

ಸರಕಾರ ಒತ್ತುತ್ತಾ ಬಂದ ಹಾಗೆ ಪಿಂಕಮ್ ಚೀಟಿಯ ಮಾತು ಕುಗ್ಗುತ್ತಾ ಹೋಯಿತು. ಖಂಡಿತ ಗುಣವೆಂಬ ಮಾತು ಹೋಯಿತು, ಗೆಡ್ಡೆಯ ಮಾತು ಹೋಯಿತು. 1920ರ ದಶಕದಲ್ಲಿ ಕಡೆಗೆ ಉಳಿದದ್ದು, ಈ ಔಷಧ ಯಾವುದಕ್ಕೆ ತಕ್ಕದ್ದೋ ಅದಕ್ಕೆ ಇದು ತಕ್ಕದ್ದು ಎಂಬಂಥ ಅರ್ಥವಿಲ್ಲದ ಮಾತು. ಕೇಳಿದರೆ ನಗು ಬರುತ್ತದೆ. ಆದರೂ ಅದೇ ದಶಕದಲ್ಲಿ ಆ ಔಷಧದ ಮಾರಾಟ ಹಿಂದೆಂದೂ ಇಲ್ಲದಷ್ಟು ಏರಿತು. ಯಾಕಂದರೆ ಕಾಯಿದೆ ಹಿಡಿದದ್ದು ಸೀಸೆಯ ಚೀಟಿಯನ್ನು ಮಾತ್ರ. ಪತ್ರಿಕೆಯ ಜಾಹೀರಾತು ಕಾಯಿದೆಯ ಹೊರಗೆ ಉಳಿದಿತ್ತು. ಚೀಟಿಯಲ್ಲಿ ಅಳಿಸಿದ್ದನ್ನು ಪತ್ರಿಕೆಯಲ್ಲಿ ಹೇಳಬಹುದಾಗಿತ್ತು.

ಆ ಬಾಗಿಲು ಮುಚ್ಚಲು ಒಂದು ದೊಡ್ಡ ದುಃಖ ಬೇಕಾಯಿತು. 1937ರಲ್ಲಿ ಒಂದು ಕಂಪೆನಿ ಸಲ್ಫಾನಿಲಮೈಡ್ ಎಂಬ ಮದ್ದನ್ನು ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷದ ದ್ರವದಲ್ಲಿ ಕರಗಿಸಿ, ಪ್ರಾಣಿಗಳ ಮೇಲೂ ಪರೀಕ್ಷಿಸದೆ ಮಾರಿತು. ನೂರಕ್ಕಿಂತ ಹೆಚ್ಚು ಜನ ಸತ್ತರು. ಅವರಲ್ಲಿ ಮಕ್ಕಳೂ ಅನೇಕರು. ವಿಷ ಮಾರಿದ್ದಕ್ಕೆ ಆಗಿನ ಕಾಯಿದೆಯಲ್ಲಿ ಶಿಕ್ಷೆ ಇರಲಿಲ್ಲ! ಎಲಿಕ್ಸಿರ್ ಎಂದು ಹೆಸರಿಟ್ಟರೆ ಒಳಗೆ ಮದ್ಯಸಾರ ಇರಬೇಕು, ಇದರಲ್ಲಿ ಇಲ್ಲ, ಆದದರಿಂದ ಹೆಸರು ಸುಳ್ಳು ಎಂಬ ಒಂದೇ ಆಧಾರದಿಂದ ಸರಕಾರ ಆ ಸೀಸೆಗಳನ್ನು ಊರೂರು ಹುಡುಕಿ ಹಿಡಿಯಿತು. ಚೀಟಿಯ ಒಂದು ಸುಳ್ಳು ಪದ ಹಿಡಿದು ಎಷ್ಟೋ ಜೀವಗಳನ್ನು ಉಳಿಸಿದರು.

ಮರುವರುಷ, 1938ರಲ್ಲಿ, ಹೊಸ ಕಾಯಿದೆ ಬಂತು. ಔಷಧ ಅಪಾಯವಿಲ್ಲದ್ದೆಂದು ಮಾರುವುದಕ್ಕೆ ಮೊದಲೇ ತೋರಿಸಬೇಕು. ಚೀಟಿ ಸುಳ್ಳಾಗಿದ್ದರೆ ಸಾಕು, ಮೋಸದ ಮನಸ್ಸನ್ನು ರುಜುವಾತು ಮಾಡಬೇಕಾಗಿಲ್ಲ ಎಂದಾಯಿತು. ಅದೇ ವರುಷ ಪತ್ರಿಕೆಯ ಸುಳ್ಳು ಜಾಹೀರಾತುಗಳ ಮೇಲೂ ಇನ್ನೊಂದು ಕಾಯಿದೆಯಿಂದ ಅಧಿಕಾರ ಬಂತು. ಔಷಧ ನಿಜವಾಗಿ ಗುಣ ಕೊಡುತ್ತದೆ ಎಂದು ಮೊದಲೇ ರುಜುವಾತು ಮಾಡಬೇಕೆಂಬ ನಿಯಮ ಬರಲು 1962ನೇ ಇಸವಿಯ ತನಕ ಕಾಯಬೇಕಾಯಿತು. ಬಸಿರಿಯರು ವಾಂತಿಗೆಂದು ತೆಗೆದುಕೊಂಡ ಥಾಲಿಡೊಮೈಡ್ ಗುಳಿಗೆಯಿಂದ ಯೂರೋಪಿನಲ್ಲಿ ಸಾವಿರಾರು ಮಕ್ಕಳು ಕೈಕಾಲು ಊನವಾಗಿ ಹುಟ್ಟಿದ ಮೇಲೆ ಆ ನಿಯಮ ಬಂತು. ಅಮೆರಿಕದಲ್ಲಿ ಆ ಗುಳಿಗೆಗೆ ಅಪ್ಪಣೆ ಕೊಡದೆ ತಡೆದವರು ಫ್ರಾನ್ಸಿಸ್ ಕೆಲ್ಸಿ ಎಂಬ ಮಹಿಳೆ. ಕಂಪೆನಿ ಎಷ್ಟು ಒತ್ತಾಯಿಸಿದರೂ ಆಕೆ ಇನ್ನೂ ಸಾಕ್ಷಿ ಬೇಕೆಂದರು.

ಈಗ ನಮ್ಮ ದೇಶಕ್ಕೆ ಬರೋಣ. 1930ರಲ್ಲಿ ಆಗಿನ ಸರಕಾರ ಕರ್ನಲ್ ಆರ್. ಎನ್. ಚೋಪ್ರಾ ಅವರ ಮುಂದಾಳುತನದಲ್ಲಿ ಔಷಧ ವಿಚಾರಣೆಯ ಸಮಿತಿಯನ್ನು ನೇಮಿಸಿತು. ನಕಲಿ ಔಷಧಗಳ ಹಾವಳಿ ಆಗಲೇ ಅಷ್ಟಿತ್ತು. ಸಮಿತಿ 1931ರಲ್ಲಿ ವರದಿ ಕೊಟ್ಟಿತು. 1940ರಲ್ಲಿ ಔಷಧ ಕಾಯಿದೆ ಬಂತು. ಸುಳ್ಳು ಚೀಟಿ ಅಂಟಿಸಿದ ಔಷಧವನ್ನು ಮಾಡುವುದೂ ಮಾರುವುದೂ ಅದರಲ್ಲಿ ಅಪರಾಧ. 1964ರ ತಿದ್ದುಪಡಿಯಿಂದ ಆಯುರ್ವೇದ, ಯುನಾನಿ ಔಷಧಗಳಿಗೂ ಪ್ರತ್ಯೇಕ ಅಧ್ಯಾಯ ಸೇರಿತು.

ಸ್ವಾತಂತ್ರ್ಯ ಬಂದ ಮೇಲೆ, 1954ರಲ್ಲಿ, ನಮ್ಮ ಪಾರ್ಲಿಮೆಂಟು ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯಿದೆಯನ್ನು ಮಾಡಿತು. ಹೆಸರು ಉದ್ದ, ಅರ್ಥ ಸುಲಭ. ಗರ್ಭ ಇಳಿಸುತ್ತದೆ, ಹೆಂಗಸರ ಮುಟ್ಟಿನ ತೊಂದರೆಯನ್ನು ಸರಿಮಾಡುತ್ತದೆ ಎಂದು ಔಷಧದ ಜಾಹೀರಾತು ಮಾಡಕೂಡದು. ಕಾಯಿದೆಯ ಕೊನೆಯ ಪಟ್ಟಿಯಲ್ಲಿ ಇನ್ನೂ ಅನೇಕ ರೋಗಗಳ ಹೆಸರುಗಳಿವೆ: ಕ್ಯಾನ್ಸರು, ಸಕ್ಕರೆ ಕಾಯಿಲೆ, ಗರ್ಭಕೋಶದ ರೋಗಗಳು, ಹೆಂಗಸರ ಬಂಜೆತನ, ಸಾಮಾನ್ಯವಾಗಿ ಹೆಂಗಸರ ಕಾಯಿಲೆಗಳು. ಇವನ್ನು ಗುಣಮಾಡುತ್ತದೆ ಎಂದು ಸಾರುವುದೂ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ದಂಡ, ಇಲ್ಲವೆ ಎರಡೂ. ಮತ್ತೆ ಮಾಡಿದರೆ ಒಂದು ವರುಷದವರೆಗೆ ಸೆರೆ.

ಈ ಕಾಯಿದೆಯಲ್ಲಿ ಜಾಹೀರಾತು ಎಂದರೆ ಏನೆಂದು ಬರೆದಿರುವುದನ್ನು ನಾವು ವಿಶೇಷವಾಗಿ ಗಮನಿಸಬೇಕು. ಪತ್ರಿಕೆ, ಕರಪತ್ರ, ಸೀಸೆಯ ಚೀಟಿ, ಸುತ್ತಿದ ಕಾಗದ ಮಾತ್ರವಲ್ಲ; ಬಾಯಿಂದ ಕೂಗಿ ಹೇಳುವುದೂ, ಶಬ್ದ ಬೆಳಕುಗಳ ಮೂಲಕ ಸಾರುವುದೂ ಜಾಹೀರಾತೇ. ಅಮೆರಿಕದವರು ಚೀಟಿಯಿಂದ ಪತ್ರಿಕೆಯ ತನಕ ಬರಲು ಮೂವತ್ತೆರಡು ವರುಷ ತೆಗೆದುಕೊಂಡರು. ನಮ್ಮ ಕಾಯಿದೆ ಸಂತೆಯಲ್ಲಿ ಧ್ವನಿವರ್ಧಕ ಕಟ್ಟಿದ ಜೀಪನ್ನು ಕೂಡ ಮೊದಲ ದಿನವೇ ಒಳಗೆ ತಂದಿತು. ವ್ಯಾಪಾರಿಗಳು ಇದು ಮಾತಿನ ಸ್ವಾತಂತ್ರ್ಯಕ್ಕೆ ಅಡ್ಡಿ ಎಂದು ಸುಪ್ರೀಂ ಕೋರ್ಟಿಗೆ ಹೋದರು. 1959ರ ಡಿಸೆಂಬರಿನಲ್ಲಿ ಕೋರ್ಟು ಕಾಯಿದೆಯ ಒಂದೆರಡು ಭಾಗಗಳನ್ನು ತೆಗೆದುಹಾಕಿದರೂ, ಇಂಥ ಔಷಧದ ಜಾಹೀರಾತು ಸಂವಿಧಾನ ಕಾಪಾಡುವ ಮಾತಿನ ಸ್ವಾತಂತ್ರ್ಯದಲ್ಲಿ ಸೇರುವುದಿಲ್ಲ ಎಂದಿತು. ತೆಗೆದ ಭಾಗಗಳನ್ನು ಪಾರ್ಲಿಮೆಂಟು 1963ರಲ್ಲಿ ಸರಿಪಡಿಸಿತು.

ಹೀಗಿರಲಾಗಿ, ಕಾಯಿದೆ ಇದ್ದೂ ಸೀಸೆ ನಮ್ಮ ಲೈನಿಗೆ ಯಾಕೆ ಬರುತ್ತದೆ? ನಮ್ಮ ಬಾಯಿ ಕಟ್ಟಿರುವುದರಿಂದ. ಮೋಸಹೋದ ಹೆಂಗಸು ಯಾರಿಗೂ ಹೇಳುವುದಿಲ್ಲವೆಂಬುದು ಆ ವ್ಯಾಪಾರಿಗೆ ಚೆನ್ನಾಗಿ ಗೊತ್ತು. ಅಕ್ಕಿ ತೂಕದಲ್ಲಿ ಕಡಿಮೆಯಾದರೆ ನಾವು ಅಂಗಡಿಯ ಮುಂದೆ ಜಗಳ ಮಾಡುತ್ತೇವೆ. ಗರ್ಭಕೋಶದ ಸೀಸೆ ಮೋಸವಾದರೆ ಯಾರು ಜಗಳ ಮಾಡುತ್ತಾರೆ? ನಮ್ಮ ನಾಚಿಕೆಯೇ ಅವನ ಬಂಡವಾಳ.

ಇದರಿಂದಾಗುವ ದೊಡ್ಡ ನಷ್ಟ ಹಣವಲ್ಲ, ಕಾಲ. ಆರು ತಿಂಗಳು ಸೀಸೆ ಕುಡಿಯುತ್ತಾ ಕೂತ ಆರು ತಿಂಗಳಲ್ಲಿ ಒಳಗಿನ ರೋಗ ಬೆಳೆಯುತ್ತದೆ. ಮುಟ್ಟು ನಿಂತು ವರುಷಗಳಾದ ಮೇಲೆ ರಕ್ತ ಕಂಡರೆ, ಗಂಡನ ಜೊತೆ ಕೂಡಿದ ಮೇಲೆ ರಕ್ತ ಬಂದರೆ, ಕೆಟ್ಟ ವಾಸನೆಯ ನೀರು ಹೋಗುತ್ತಿದ್ದರೆ, ಮುಟ್ಟಿನಲ್ಲಿ ಬಟ್ಟೆ ಮೇಲೆ ಬಟ್ಟೆ ನೆನೆಯುತ್ತಿದ್ದರೆ, ಒಂದು ದಿನವೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಗರ್ಭಕೋಶದ ಬಾಯಿಯ ಕ್ಯಾನ್ಸರನ್ನು ಮೊದಲೇ ಕಂಡುಹಿಡಿದರೆ ಗುಣಪಡಿಸಬಹುದು. ಸೀಸೆಯಿಂದ ಅದು ಗುಣವಾಗುವುದಿಲ್ಲ.

ಎಷ್ಟೋ ಸಲ ನಾವು ನಿಶ್ಶಕ್ತಿ ಎನ್ನುವುದು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತ ಕಡಿಮೆ. ಇಳಿಜಾರಿನಲ್ಲಿ ಎಲೆಯ ಹೊರೆ ಹೊತ್ತು ಹತ್ತುವಾಗ ಏದುಸಿರು, ಕಣ್ಣು ಕತ್ತಲೆ, ಎದೆ ಬಡಿತ, ಇವಕ್ಕೆಲ್ಲ ಅದು ಕಾರಣವಾಗಿರಬಹುದು. ಒಂದು ಹನಿ ರಕ್ತ ತೆಗೆದು ಪರೀಕ್ಷಿಸಿದರೆ ತಿಳಿಯುತ್ತದೆ. ಕಬ್ಬಿಣದ ಮಾತ್ರೆ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಹಣವಿಲ್ಲದೆ ಸಿಗುತ್ತದೆ. ಅದನ್ನು ನುಂಗಿದರೆ ಮಲ ಕಪ್ಪಾಗುತ್ತದೆ; ಹೆದರಿ ನಿಲ್ಲಿಸಬೇಡಿರಿ. ಚಹಾದ ಜೊತೆ ನುಂಗಬೇಡಿರಿ, ಚಹಾ ಕಬ್ಬಿಣದ ಸತ್ವವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಎಲೆ ಕೀಳುವ ನಾವು ಇದನ್ನು ನೆನಪಿಡಬೇಕು. ತೋಟದಲ್ಲಿ ವೈದ್ಯ ಸೌಕರ್ಯ ಕೊಡುವುದು ಮಾಲೀಕರ ಹೊಣೆಯೆಂದು 1951ರ ತೋಟ ಕಾರ್ಮಿಕರ ಕಾಯಿದೆಯೇ ಬರೆಯಿತು. ನಮ್ಮ ಹಿರಿಯರು ಆ ಹಕ್ಕಿಗಾಗಿ ದುಡಿದವರು. ಡಿಸ್ಪೆನ್ಸರಿಯಲ್ಲಿ ಕೇಳಲು ಸಂಕೋಚ ಬೇಡ.

ಹಾಗಾದರೆ ನಾವು ಮಾಡತಕ್ಕದ್ದೇನು?

ಮೊದಲನೆಯದು, ಚೀಟಿ ಓದುವುದು. ಮಾಡಿದವರ ಹೆಸರು ಮತ್ತು ವಿಳಾಸ, ಲೈಸೆನ್ಸ್ ನಂಬರು, ಬ್ಯಾಚ್ ನಂಬರು, ಒಳಗೆ ಏನೇನಿದೆ ಎಂಬ ಪಟ್ಟಿ, ಯಾವ ತಿಂಗಳಿನ ತನಕ ಉಪಯೋಗಿಸಬಹುದು ಎಂಬುದು, ಇವೆಲ್ಲ ಇವೆಯೇ ನೋಡಿರಿ. ಓದಲು ಬಾರದ ಅಮ್ಮಂದಿರಿಗೆ ಶಾಲೆಗೆ ಹೋಗುವ ಮೊಮ್ಮಗಳು ಓದಿ ಹೇಳಲಿ. ಆಯುರ್ವೇದದ ಔಷಧವೆಲ್ಲ ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಹುಳಿಯಿಸಿ ಮಾಡುವ ಆಸವ ಅರಿಷ್ಟಗಳಲ್ಲಿ ಮದ್ಯಸಾರ ತಾನಾಗಿಯೇ ಹುಟ್ಟುತ್ತದೆ. ಬಸಿರಿಯರು ಕೇಳದೆ ಕುಡಿಯಬಾರದು.

ಎರಡನೆಯದು, ರಶೀದಿ ಕೇಳುವುದು. ರಶೀದಿ ಕೊಡದವನ ಹತ್ತಿರ ಔಷಧ ಕೊಳ್ಳಬೇಡಿರಿ. ಎಲ್ಲ ರೋಗಕ್ಕೂ ಒಂದೇ ಸೀಸೆ ಎನ್ನುವವನ ಹತ್ತಿರ ನಿಲ್ಲಲೂ ಬೇಡಿರಿ.

ಮೂರನೆಯದು, ದೂರು ಕೊಡುವುದು. ಜಿಲ್ಲೆಗಳಲ್ಲಿ ಔಷಧ ನಿರೀಕ್ಷಕರಿದ್ದಾರೆ. ಸೀಸೆ, ಚೀಟಿ, ರಶೀದಿ ಇಟ್ಟುಕೊಂಡು ಅವರಿಗೆ ಬರೆಯಬಹುದು. 1940ರ ಕಾಯಿದೆಯ 26ನೆಯ ಕಲಮಿನ ಪ್ರಕಾರ ಕೊಂಡವರು ಯಾರಾದರೂ ಗೊತ್ತಾದ ಹಣ ಕಟ್ಟಿ ಔಷಧವನ್ನು ಸರಕಾರಿ ಪರೀಕ್ಷಕರಿಂದ ಪರೀಕ್ಷೆ ಮಾಡಿಸಿ ವರದಿ ಪಡೆಯಬಹುದು. ಒಬ್ಬರಿಗೆ ಅದು ಭಾರವಾದರೆ ಕೂಟದವರು ಸೇರಿ ಕೊಡೋಣ. ದೂರು ಬರೆಯುವಾಗ ಕಂಡದ್ದನ್ನು ಮಾತ್ರ ಬರೆಯೋಣ, ಹೆಚ್ಚು ಸೇರಿಸಬಾರದು.

ನಾಲ್ಕನೆಯದೇ ಮುಖ್ಯ. ಮಾತಾಡುವುದು. ಹುಡುಗಿಗೆ ತಾಯಿ ಹೇಳಲಿ. ಸೊಸೆಗೆ ಅತ್ತೆ ಕೇಳಲಿ. ಗಂಡಸರೇ, ನಿಮ್ಮ ಮನೆಯವಳು ಬೆನ್ನು ಹಿಡಿದು ಕೂತರೆ ಸೋಮಾರಿ ಎನ್ನಬೇಡಿರಿ, ಆಸ್ಪತ್ರೆಗೆ ಜೊತೆಯಲ್ಲಿ ಹೋಗಿರಿ. ಒಂದು ದಿನದ ಕೂಲಿ ಹೋದರೆ ಹೋಗಲಿ. ಲಿನ್ ಊರಿನ ತಾಯಿಗೆ ಲಕ್ಷಾಂತರ ಹೆಂಗಸರು ಪತ್ರ ಬರೆದದ್ದು ಮನೆಯಲ್ಲಿ ಕೇಳುವವರು ಇಲ್ಲದ್ದರಿಂದ. ನಮ್ಮ ಕೂಟದಲ್ಲಿ ಕೇಳುವ ಕಿವಿ ಇದ್ದರೆ ಆ ಚೀಲದವನಿಗೆ ಇಲ್ಲಿ ವ್ಯಾಪಾರವಿಲ್ಲ.

ಹನ್ನೆರಡು ವರುಷ ನರಳಿದ ಆ ತಾಯಿಯನ್ನು ಮತ್ತೆ ನೆನೆಯೋಣ. ಆಕೆಯ ಹಣ ತಿಂದವರು ಆಕೆಯ ಹೆಸರನ್ನೂ ಕೇಳಿರಲಿಕ್ಕಿಲ್ಲ. ಯೇಸುಸ್ವಾಮಿ ನಡೆಯುತ್ತಿದ್ದ ದಾರಿಯಲ್ಲಿ ನಿಂತರು. ಒಬ್ಬ ದೊಡ್ಡ ಮನುಷ್ಯನ ಮನೆಗೆ ಹೋಗುವ ಅವಸರದಲ್ಲಿಯೂ ಆಕೆಯ ಮಾತು ಮುಗಿಯುವ ತನಕ ಕೇಳಿದರು. ಅವರ ಹೆಸರು ಹೊತ್ತ ನಾವೂ ನಿಂತು ಕೇಳುವವರಾಗೋಣ. ಮುಂದಿನ ಕೂಟಕ್ಕೆ ಬರುವಾಗ, ಮನೆಯಲ್ಲಿ ಅಂಥ ಸೀಸೆ ಇದ್ದರೆ ಬಚ್ಚಿಡದೆ ತನ್ನಿರಿ. ಎಲ್ಲರೂ ಸೇರಿ ಅದರ ಚೀಟಿ ಓದೋಣ.

ಕರ್ತನು ನಿಮ್ಮ ದೇಹಕ್ಕೂ ಮನೆಗೂ ಆರೋಗ್ಯವನ್ನು ಅನುಗ್ರಹಿಸಲಿ.